ಮಾರ್ತಾ ಟೀಚರ್ ಮತ್ತು ಮುಳ್ಳು ತೆಗೆಯುವ ಹೊತ್ತು

ಠಾಕುರ್ಲಿ ಸ್ಟೇಶನ್ನಿನ ಮೇಲ್ಸೇತುವೆಯ ಮೆಟ್ಟಿಲುಗಳನ್ನು ಇಳಿಯುವಾಗ ಮಾರ್ತಾ ಟೀಚರ್ ಅವರ ತಲೆ ಅಲುಗುತ್ತಿರಲಿಲ್ಲ. ಕೆಳಗೆ ಕಾಲುಗಳು ತಮ್ಮ ಪಾಡಿಗೆ ಮೆಟ್ಟಿಲು ಹುಡುಕಿಕೊಳ್ಳುತ್ತಿದ್ದವು. ಮೇಲೆ ತಲೆ ಮಾತ್ರ ದೋಣಿಯಲ್ಲಿ ಕುಳಿತು ಹೊಳೆ ದಾಟುವವರ ತಲೆಯಂತೆ ಒಂದೇ ಮಟ್ಟದಲ್ಲಿ ಸಾಗಿ ಬರುತ್ತಿತ್ತು. ಲೋಕಲ್ ಹಿಡಿಯಲು ಎದುರಿನಿಂದ ನುಗ್ಗುವ ಜನ ಅವರ ಹತ್ತಿರ ಬಂದಾಗ ಯಾಕೋ ಎರಡು ಕವಲಾಗಿ ಒಡೆದು ಹೋಗುತ್ತಿದ್ದರು. ಎತ್ತರದ ಆಳು, ತಲೆಗಂಟಿದ ಗುಂಗುರು ಕೂದಲು, ಸೊಂಟಕ್ಕೆ ಬಿಗಿದ ದುಪಟ್ಟಾ. ಪಾದಗಳು ಗಡಿಯಾರದಲ್ಲಿ ಹತ್ತೂ ಹತ್ತರ ಕಡ್ಡಿಗಳ ಹಾಗೆ ಹೊರಕ್ಕೆ ತಿರುಗಿರುತ್ತಿದ್ದವು.

ಅವರ ಬಣ್ಣ ಕಪ್ಪು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಏಕೆಂದರೆ ಈ ಮಾತನ್ನು ಸುತ್ತಿ ಬಳಸಿ ಹೇಳುವವರನ್ನು ಕಂಡರೆ ಅವರಿಗೆ ಆಗುತ್ತಿರಲಿಲ್ಲ. ಒಮ್ಮೆ ನಾನು ಸಭ್ಯತೆಗೆಂದು ‘ಶ್ಯಾಮಲವರ್ಣ’ ಎಂದಿದ್ದೆ. “ಅದು ಕ್ಯಾಲೆಂಡರದಾಗಿನ ದೇವರಿಗೆ ಇರಲಿ ಶೆಟ್ಟರ. ನನಗ ಕರಿ ಅನ್ರಿ, ಓಡಿ ಹೋಗಂಗಿಲ್ಲ” ಎಂದರು.

ಟೀಚರ್ ಹಳಿಯಾಳದ ಕಡೆಯ ಸಿದ್ದಿ ಜನಾಂಗದವರು. ಲೋಕಲಿನ ಹೆಂಗಸರ ಡಬ್ಬಿಯಲ್ಲಿ ಯಾರಾದರೂ ಒಬ್ಬರು ಅವರನ್ನು ಯಾವ ದೇಶದವರೆಂದು ಇಂಗ್ಲಿಷಿನಲ್ಲಿ ಕೇಳದ ವಾರವಿರಲಿಲ್ಲವಂತೆ. ಅವರ ಉತ್ತರ ಮರಾಠಿಯಲ್ಲಿರುತ್ತಿತ್ತು: ಧಾರವಾಡದವರೆಗೆ ರೈಲು, ಅಲ್ಲಿಂದ ಹಳಿಯಾಳಕ್ಕೆ ಬಸ್ಸು, ಆಮೇಲೆ ಸ್ವಲ್ಪ ನಡೆಯಬೇಕು. ಕೇಳಿದವರು ನಾಚಿ ಕಿಟಕಿಯ ಕಡೆ ತಿರುಗಿದರೆ ಇವರು ಬಿಡುತ್ತಿರಲಿಲ್ಲ. ನಿಮ್ಮ ದೇಶ ಯಾವುದು ಎಂದು ಅಷ್ಟೇ ನಯವಾಗಿ ತಿರುಗಿ ಕೇಳುತ್ತಿದ್ದರು. ರತ್ನಾಗಿರಿ, ಸಾತಾರಾ ಎಂದು ಮಾತು ಬೆಳೆದು, ಇಳಿಯುವ ಹೊತ್ತಿಗೆ ಇಬ್ಬರೂ ಒಬ್ಬರ ಊರಿನ ಮೀನು ಸಾರಿನ ವಿಚಾರ ಇನ್ನೊಬ್ಬರಿಗೆ ಹೇಳುತ್ತಿರುತ್ತಿದ್ದರು.

ನಾನು ಎಳೆಯ ವಯಸ್ಸಿನಲ್ಲಿ ಕಾರ್ಕಳದ ಕಡೆಯಿಂದ ಬಂದು ಡೊಂಬಿವಲಿಯ ಹೋಟೆಲೊಂದರಲ್ಲಿ ಲೋಟ ತೊಳೆದವನು. ಓದಿದ್ದು ರಾತ್ರಿಶಾಲೆಯಲ್ಲಿ, ಉಳಿದದ್ದು ಲೈಬ್ರರಿಯಲ್ಲಿ. ಹೀಗೆ ಓದಿದವರಿಗೆ ಒಂದು ಅಭ್ಯಾಸ ಹತ್ತುತ್ತದೆ: ಯಾರು ಏನು ಹೇಳಿದರೂ, ನಿಮಗೆ ಅದನ್ನು ಹೇಳಿದವರು ಯಾರು ಎಂದು ಕೇಳುವುದು. ಸಿದ್ದಿಗಳ ಬಗ್ಗೆ ಪುಸ್ತಕಗಳಲ್ಲಿ ಸಿಕ್ಕಿದ್ದನ್ನೆಲ್ಲ ಓದಿ, ಪೋರ್ಚುಗೀಸರು ನಿಮ್ಮವರನ್ನು ಆಫ್ರಿಕಾದಿಂದ ತಂದರಂತೆ, ಇದು ನಿಜವೇ ಎಂದು ಅವರನ್ನು ವಿಚಾರಿಸಿದ್ದೆ. “ತಂದೋರ ಹೆಸರು ಪುಸ್ತಕದಾಗ ಅದಾವ, ಬಂದೋರ ಹೆಸರು ಇಲ್ಲ. ಅಂಥಾ ಪುಸ್ತಕ ಅರ್ಧಾನ ಅಲ್ಲೇನ್ರಿ?” ಎಂದರು. ಆ ಪುಸ್ತಕವನ್ನು ನಾನು ಮತ್ತೆ ತೆರೆದಾಗಲೆಲ್ಲ ಉಳಿದರ್ಧ ಎಲ್ಲಿ ಎಂದು ಹುಡುಕುವಂತಾಯಿತು.

ಅವರು ಬ್ಯಾಲೆ ಕಲಿಸುತ್ತಿದ್ದರು. ಕಲ್ಯಾಣದ ಪೂರ್ವಭಾಗದಲ್ಲಿ ಬಾಡಿಗೆಯ ಕೋಣೆ. ಅಲ್ಲಿಂದ ವಾರಕ್ಕೆರಡು ಸಂಜೆ ಠಾಕುರ್ಲಿಯ ನಮ್ಮ ವಸತಿ ಸೊಸೈಟಿಯ ಕ್ಲಬ್‌ಹೌಸಿಗೆ ಬರುತ್ತಿದ್ದರು. ಅಲ್ಲಿ ಕನ್ನಡಿಯಿರಲಿಲ್ಲ. ಗೋಡೆಗೆ ಸ್ಟೀಲಿನ ಕೊಳವೆಯೊಂದನ್ನು ಕೂರಿಸಿ, ಮಕ್ಕಳು ಹಿಡಿದು ನಿಲ್ಲುವ ಕಂಬಿಯಾಗಿ ಮಾಡಿಕೊಂಡಿದ್ದರು. ನನ್ನ ಮೊಮ್ಮಗಳು ನಿಧಿ ಅವರ ಬಳಿ ಸೇರಿದಾಗ ಅವಳಿಗೆ ಏಳೆಂಟು ವರ್ಷ. ಕರೆದೊಯ್ದು ಕರೆತರುವ ಕೆಲಸ ನನ್ನದಾಗಿತ್ತು, ಏಕೆಂದರೆ ಮಗ ಐರೋಲಿಯ ಆಫೀಸಿನಿಂದ ಬರುವಾಗ ಕತ್ತಲಾಗುತ್ತಿತ್ತು. ಸೊಸೆ ಸ್ಮಿತಾಳದ್ದೂ ಅದೇ ಪಾಡು. ಹಾಗಾಗಿ ಆ ಹಾಲಿನ ಮೂಲೆಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕುಳಿತು ನಾನು ಎಲ್ಲವನ್ನೂ ಕಣ್ಣಾರೆ ನೋಡಿದ್ದೇನೆ. ಈಗ ಅವರ ಬಗ್ಗೆ ನಮ್ಮ ಬಿಲ್ಡಿಂಗುಗಳಲ್ಲಿ ಓಡಾಡುವ ಕಥೆಗಳನ್ನು ಕೇಳಿದಾಗ ಸುಮ್ಮನಿರಲಾಗದೆ ಇದನ್ನು ಬರೆಯುತ್ತಿದ್ದೇನೆ.

ತರಗತಿ ಸಂಗೀತದಿಂದ ಶುರುವಾಗುತ್ತಿರಲಿಲ್ಲ. ಮಕ್ಕಳೆಲ್ಲ ಸುತ್ತಲೂ ಕುಳಿತು, ತಮ್ಮ ತಮ್ಮ ಅಂಗಾಲನ್ನು ಮಡಿಲಿಗೆ ಎಳೆದುಕೊಂಡು ಹೆಬ್ಬೆರಳಿನಿಂದ ಒತ್ತಿಕೊಳ್ಳಬೇಕಿತ್ತು. ಕುಣಿಯುವವರು ಕಾಲು ನೋಡಿಕೊಳ್ಳುವುದು ಸಹಜ. ಆದರೆ ಕಾಲು ಒತ್ತಿಕೊಳ್ಳುವಾಗ ಆ ವಾರ ತಮಗೆ ಯಾರಾದರೂ ಹೇಳಿದ, ಮನಸ್ಸಿಗೆ ಚುಚ್ಚಿದ ಮಾತನ್ನು ಅಲ್ಲಿ ಹೇಳಬೇಕೆಂಬುದು ಅವರ ಕಟ್ಟಳೆ. ಬಣ್ಣದ ಮಾತು, ದಪ್ಪದ ಮಾತು, ‘ನೀವು ಎಲ್ಲಿಯವರು’ ಎಂಬ ಮಾತು, ಟಿಫಿನ್ ಡಬ್ಬಿಯ ವಾಸನೆಯ ಮಾತು. ಇದಕ್ಕೆ ಅವರು ಮುಳ್ಳು ತೆಗೆಯುವುದು ಎನ್ನುತ್ತಿದ್ದರು. “ಮುಳ್ಳು ಒಳಗ ಇಟ್ಕೊಂಡು ಕುಣಿದ್ರ ಹೆಜ್ಜಿ ಕೆಡ್ತದ, ಅಷ್ಟ” ಎಂಬುದು ಅವರ ವಿವರಣೆ. ಹೇಳಿದ ಮಗುವನ್ನು ಸಮಾಧಾನ ಮಾಡುತ್ತಿರಲಿಲ್ಲ. ಅಂದವರನ್ನು ನೀನು ಏನು ಕೇಳಿದೆ ಎಂದು ಮಾತ್ರ ವಿಚಾರಿಸುತ್ತಿದ್ದರು. ಏನೂ ಕೇಳಲಿಲ್ಲ ಎಂದರೆ, ಏನು ಕೇಳಬಹುದಿತ್ತು ಎಂದು ಉಳಿದ ಮಕ್ಕಳನ್ನು ಕೇಳುತ್ತಿದ್ದರು. ಮಕ್ಕಳು ಹಿಂದಿ, ಮರಾಠಿ, ಇಂಗ್ಲಿಷುಗಳಲ್ಲಿ ಒಂದೊಂದು ಪ್ರಶ್ನೆ ಕಟ್ಟುತ್ತಿದ್ದವು. ಕೆಲವಂತೂ ನನ್ನಂಥ ವಾದಪ್ರಿಯನಿಗೂ ಹೊಳೆಯದಂಥವು. ಆಮೇಲೆ ಟೀಚರ್ ಎದ್ದು ಚಪ್ಪಾಳೆ ತಟ್ಟಿದರೆ ಮುಗಿಯಿತು. ಮುಂದಿನ ಒಂದು ಗಂಟೆ ಮೊಣಕಾಲು ಮಡಚಿದವರಿಗೆ ಉಳಿಗಾಲವಿರಲಿಲ್ಲ.

ಅವರು ಬ್ಯಾಲೆ ಕಲಿತ ಬಗ್ಗೆ ಒಂದು ಕಥೆ ಚಾಲ್ತಿಯಲ್ಲಿತ್ತು. ನಮ್ಮ ಸೊಸೈಟಿಯ ವಾರ್ಷಿಕ ಸಂಚಿಕೆಯಲ್ಲೂ ಅದು ಅಚ್ಚಾಯಿತು: ದಕ್ಷಿಣ ಮುಂಬಯಿಯಲ್ಲಿ ಪಾರ್ಸಿ ಮೇಡಂ ಒಬ್ಬರು ಮನೆಯ ದೊಡ್ಡ ಹಾಲಿನಲ್ಲಿ ಶ್ರೀಮಂತರ ಮಕ್ಕಳಿಗೆ ಬ್ಯಾಲೆ ಕಲಿಸುತ್ತಿದ್ದರು, ಮನೆಗೆಲಸಕ್ಕೆ ಬಂದ ಹಳ್ಳಿಯ ಹುಡುಗಿ ಬಾಗಿಲ ಸಂದಿಯಿಂದ ನೋಡಿ ಕಲಿತಳು, ಮೇಡಂ ಅವಳನ್ನು ದೊಡ್ಡ ಕಲಾವಿದೆಯನ್ನಾಗಿ ಮಾಡಿದರು. ಓದಲು ಚೆನ್ನಾಗಿತ್ತು. ಆದರೆ ಕಲಾವಿದೆಯಾದ ಮೇಲೆ ಅವರು ಯಾವ ವೇದಿಕೆಯ ಮೇಲೆ ಕುಣಿದರು ಎಂಬುದು ಆ ಲೇಖನದಲ್ಲಿ ಎಲ್ಲೂ ಇರಲಿಲ್ಲ. ನಾನು ಅವರನ್ನೇ ಕೇಳಿದೆ. ಅವರು ಮಕ್ಕಳ ಕಡೆ ನೋಡುತ್ತಾ, ಬಾಗಿಲ ಸಂದಿಯೆಲ್ಲ ಸುಳ್ಳು, ಮೇಡಂ ತನ್ನನ್ನು ಕೈಹಿಡಿದು ಕಂಬಿಯ ಮುಂದೆ ನಿಲ್ಲಿಸಿ ಕಲಿಸಿದರು ಎಂದರು. ಪ್ರಶ್ನೆಯ ಉಳಿದ ಭಾಗಕ್ಕೆ ಉತ್ತರ ಕೊಡಲಿಲ್ಲ.

ಒಂದು ಚಳಿಗಾಲ ಅವರು ಮಕ್ಕಳನ್ನೆಲ್ಲ ಐರೋಲಿಯ ಖಾಡಿಗೆ, ಎಂದರೆ ಸಮುದ್ರದ ಹಿನ್ನೀರಿನ ದಂಡೆಗೆ, ಕರೆದೊಯ್ದರು. ಜೊತೆಗೆ ನಾನೂ ಹೋಗಿದ್ದೆ. ಕೆಸರಿನಲ್ಲಿ ಫ್ಲೆಮಿಂಗೊಗಳು ಸಾಲಾಗಿ ನಿಂತಿದ್ದವು; ನಮ್ಮ ಕಡೆ ರಾಜಹಂಸ ಎನ್ನುತ್ತಾರೆ. ಅವುಗಳ ನಡುವೆ ಬೆಳ್ಳಕ್ಕಿ, ದಂಡೆಯ ಕಂಬದ ಮೇಲೆ ರೆಕ್ಕೆ ಹರಡಿ ಒಣಗಿಸುವ ನೀರುಕಾಗೆ. ಟೀಚರ್ ಆ ದಿನ ಹೆಜ್ಜೆ ಹೇಳಿಕೊಡಲಿಲ್ಲ. ಹಕ್ಕಿ ಕಾಲೆತ್ತಿದರೆ ಎಲ್ಲಿಂದ ಎತ್ತುತ್ತದೆ ನೋಡಿರಿ ಎಂದಷ್ಟೇ ಹೇಳಿದರು. ಮರಳಿ ಬರುವಾಗ ರೈಲಿನಲ್ಲಿ ಆ ವರ್ಷದ ಪ್ರದರ್ಶನ ನಿಶ್ಚಯವಾಗಿತ್ತು: ಖಾಡಿಯ ಹಕ್ಕಿಗಳು. ಪ್ರಧಾನ ಪಾತ್ರ, ಕೊನೆಯವರೆಗೂ ಒಂಟಿಕಾಲಲ್ಲಿ ನಿಲ್ಲಬೇಕಾದ ಫ್ಲೆಮಿಂಗೊ, ನಿಧಿಗೆ. ಆಗ ಅವಳಿಗೆ ಹನ್ನೊಂದು ವರ್ಷ. ಅವಳ ಕಾಲು ಗಟ್ಟಿ, ಕಿವಿಗೆ ತಾಳ ಬೇಗ ಹತ್ತುತ್ತಿತ್ತು. ಅವಳು ನನ್ನ ಹಾಗೆ ಕಪ್ಪು ಕೂಡ.

ಬ್ಯಾಲೆಯಲ್ಲಿ ಕಾಲುಚೀಲವೂ ಬೂಟೂ ಗುಲಾಬಿ ಬಣ್ಣದವು. ಅದು ಪರಂಪರೆ ಎನ್ನುತ್ತಾರೆ. ಯಾವ ಪರಂಪರೆ ಎಂದು ನಾನು ಸಿಕ್ಕ ಪುಸ್ತಕಗಳನ್ನೆಲ್ಲ ತಿರುವಿದೆ. ನಮ್ಮ ಯಕ್ಷಗಾನದಲ್ಲಿ ಇಂಥ ವೇಷಕ್ಕೆ ಇಂಥ ಬಣ್ಣ ಏಕೆಂದು ಕೇಳಿದರೆ ವೇಷಧಾರಿಗಳು ಕಾರಣ ಹೇಳುತ್ತಾರೆ. ಇಲ್ಲಿ ಕಾರಣ ಹೇಳುವವರು ಸಿಗಲಿಲ್ಲ. ಟೀಚರ್ ನಾಲ್ಕೇ ಮಾತಿನಲ್ಲಿ ಮುಗಿಸಿದರು. ಯುರೋಪಿನವರ ಚರ್ಮಕ್ಕೆ ಅದು ಹೊಂದುತ್ತದೆ. ಸೊಂಟದಿಂದ ಬೆರಳಿನವರೆಗೆ ಕಾಲು ಒಂದೇ ಗೆರೆಯಾಗಿ ಕಾಣಲಿ ಎಂದು ಹಾಕಿದ್ದು. ನಮ್ಮ ಮಕ್ಕಳಿಗೆ ಅದನ್ನು ಹಾಕಿದರೆ ಗೆರೆ ನಡುವೆ ತುಂಡಾಗುತ್ತದೆ. ಆದ್ದರಿಂದ ಪ್ರತಿಯೊಬ್ಬ ಹುಡುಗಿಯ ಕಾಲುಚೀಲ, ಬೂಟುಗಳಿಗೆ ಅವಳವಳ ಮೈಬಣ್ಣ ಕಟ್ಟುವುದೆಂದು ತೀರ್ಮಾನಿಸಿದರು. ಬಣ್ಣ ಕಟ್ಟಲು ಚಹಾ ಮತ್ತು ಕಾಫಿಯ ಡಿಕಾಕ್ಷನ್ ಬೇಕು. ಡೊಂಬಿವಲಿಯಲ್ಲಿ ನಾನು ಮುಂದೆ ಸ್ವಂತಕ್ಕೆ ತೆರೆದ ಹೋಟೆಲನ್ನು ಈಗ ನನ್ನ ಅಳಿಯ ನೋಡಿಕೊಳ್ಳುತ್ತಾನೆ. ಅಡುಗೆಮನೆ ಕುಂದಾಪುರದ ವಾಸುವಿನ ಸುಪರ್ದಿನಲ್ಲಿದೆ. ಅಲ್ಲಿಂದ ಚಹಾ ತರಿಸಿಕೊಳ್ಳಿ ಎಂದು ಟೀಚರಿಗೆ ಹೇಳಿ, ನಾನು ಒಂದು ಮದುವೆಗೆಂದು ಊರಿಗೆ ಹೋದೆ.

ಮರಳಿ ಬಂದ ದಿನ ಕ್ಲಬ್‌ಹೌಸಿನಲ್ಲಿ ಕಂಡ ದೃಶ್ಯ ಈಗಲೂ ಕಣ್ಣಿಗೆ ಕಟ್ಟಿದೆ. ಗೋಡೆಯುದ್ದಕ್ಕೂ ಒಣಗಲು ಇಟ್ಟಿದ್ದ ಸ್ಯಾಟಿನ್ ಬೂಟುಗಳ ಮೇಲೆ ಇರುವೆಗಳು. ಕೆಂಪಿರುವೆ, ಕಟ್ಟಿರುವೆ, ಹಾಲಿನ ಒಂದು ಬಾಗಿಲಿನಿಂದ ಇನ್ನೊಂದು ಬಾಗಿಲಿನವರೆಗೆ ಅವುಗಳದ್ದೇ ಮೆರವಣಿಗೆ. ಬೂಟುಗಳು ಅಂಟಂಟಾಗಿ, ಹುಳಿಹಾಲಿನ ವಾಸನೆ ಬರುತ್ತಿತ್ತು. ವಾಸು ದೊಡ್ಡ ಪಾತ್ರೆಯಲ್ಲಿ ಚಹಾ ಕಳುಹಿಸಿದ್ದ. ಹಾಲು, ಸಕ್ಕರೆ, ಮೇಲೆ ಒಂದಿಷ್ಟು ಶುಂಠಿ ಹಾಕಿ. ಚಹಾ ಬಂದ ದಿನ ಟೀಚರ್ ಕಲ್ಯಾಣದಲ್ಲಿ ಜ್ವರ ಹಿಡಿದು ಮಲಗಿದ್ದರು. ತಾಯಂದಿರು ಬಂದದ್ದನ್ನು ಬಂದ ಹಾಗೆಯೇ ಬಕೆಟುಗಳಿಗೆ ಸುರಿದು ಬೂಟು ಮುಳುಗಿಸಿದ್ದರು. ನಾನು ವಾಸುವನ್ನು ತರಾಟೆಗೆ ತೆಗೆದುಕೊಂಡೆ. ಅವನು ಸ್ವಲ್ಪವೂ ಬಗ್ಗಲಿಲ್ಲ.

“ಟೀಚರ್ ಚಾ ಕೇಳಿದ್ರು, ನಾನು ಚಾ ಕೊಟ್ಟೆ. ಹಾಲು ಸಕ್ಕರೆ ಇಲ್ಲದ ನೀರಿಗೆ ಚಾ ಅಂತ ಯಾರು ಹೇಳ್ತಾರೆ ಮಾರಾಯ್ರೆ? ಬೂಟಿಗೆ ಕುಡಿಸ್ಲಿಕ್ಕೆ ಅಂತ ಒಂದು ಮಾತು ಹೇಳ್ಬೇಕಿತ್ತು.”

ಟೀಚರ್ ಈ ಮಾತು ಕೇಳಿ ನಕ್ಕರು. ನಕ್ಕವರು ಅವರೊಬ್ಬರೇ. ಪ್ರದರ್ಶನ ಹತ್ತಿರವಾಗಿತ್ತು, ಬೂಟುಗಳೆಲ್ಲ ಹಾಳಾಗಿದ್ದವು. ತಾಯಂದಿರ ಕಮಿಟಿ ಸಭೆ ಕರೆಯಿತು. ಕಮಿಟಿಯ ಮುಂದಾಳು ರಮ್ಯಾ, ಬೆಂಗಳೂರಿನವಳು, ಬ್ಯಾಂಕಿನಲ್ಲಿ ದೊಡ್ಡ ಹುದ್ದೆ; ಅವಳ ಮಗಳು ತಾರಾ ನಿಧಿಯ ಗೆಳತಿ. ಈ ಘಟನೆಯನ್ನು ಹೇಳುವವರು ರಮ್ಯಾಳನ್ನು ರಾಕ್ಷಸಿಯಂತೆ ಚಿತ್ರಿಸುವುದುಂಟು. ಅದು ಸರಿಯಲ್ಲ. ಟೀಚರಿಗೆ ಜ್ವರ ಬಂದಾಗ ದಿನವೂ ಗಂಜಿ ಕಳುಹಿಸಿದವಳು ಅವಳೇ.

ಭಾನುವಾರ ಬೆಳಿಗ್ಗೆ ಕ್ಲಬ್‌ಹೌಸಿನಲ್ಲಿ ಎಲ್ಲರೂ ಸೇರಿದೆವು. ರಮ್ಯಾ ಮೂರು ವಿಷಯ ಹೇಳಿದಳು. ಹೊಸ ಗುಲಾಬಿ ಬೂಟುಗಳನ್ನು ತರಿಸೋಣ, ಬಣ್ಣ ಕಟ್ಟುವ ಪ್ರಯೋಗ ಸಾಕು. ಮೇಕಪ್ಪಿನವಳನ್ನು ಕರೆಸಿ ಎಲ್ಲ ಮಕ್ಕಳಿಗೂ ಒಂದೇ ತಿಳಿಬಣ್ಣದ ಪೌಡರ್ ಹಾಕಿಸೋಣ. ಇನ್ನು ಫ್ಲೆಮಿಂಗೊ ಗುಲಾಬಿ ಹಕ್ಕಿಯಲ್ಲವೇ, ಆದ್ದರಿಂದ ನಿಧಿ ನೀರುಕಾಗೆಯಾದರೆ ಅವಳಿಗೆ ಪೌಡರಿನ ಕಷ್ಟವೂ ತಪ್ಪುತ್ತದೆ.

“ನಮ್ಗೆ ಕಲರ್ ವಿಷ್ಯ ಏನೂ ಇಲ್ಲ ಅಂಕಲ್, ಪ್ಲೀಸ್ ತಪ್ಪು ತಿಳ್ಕೋಬೇಡಿ” ಎಂದು ನನ್ನ ಕಡೆ ತಿರುಗಿದಳು. “ಫ್ಲೆಮಿಂಗೊ ನನ್ನ ಮಗಳೇ ಆಗ್ಬೇಕು ಅಂತ್ಲೂ ಇಲ್ಲ. ಸ್ಟೇಜ್ ಮೇಲೆ ಎಲ್ಲಾರೂ ಒಂದೇ ಥರ ಕಾಣ್ಬೇಕು, ಅಷ್ಟೇ.”

ನಾನು ಸಿದ್ಧವಾಗಿ ಬಂದಿದ್ದೆ. ಫ್ಲೆಮಿಂಗೊ ಹುಟ್ಟುವಾಗ ಬೂದುಬಣ್ಣದ ಮರಿ, ತಿನ್ನುವ ಆಹಾರದಿಂದ ಗುಲಾಬಿಯಾಗುತ್ತದೆ, ಹೀಗಿರುವಾಗ ಗುಲಾಬಿಯನ್ನೇ ಅದರ ನಿಜವಾದ ಬಣ್ಣವೆಂದು ಹೇಳಿದವರು ಯಾರು ಎಂದು ಎದ್ದುನಿಂತು ವಾದ ಹೂಡಿದೆ. ನನಗೇ ಅದು ಬಹಳ ಹಿಡಿಸಿದ ವಾದವಾಗಿತ್ತು. ಟೀಚರ್ ಕೈಯೆತ್ತಿ ನನ್ನನ್ನು ತಡೆದರು.

“ಕುಂದರ್ರಿ ಶೆಟ್ಟರ. ಹಕ್ಕಿ ವಿಚಾರ ಬಿಡ್ರಿ. ನಾವು ಈಗ ಮನಷ್ಯಾರ ವಿಚಾರ ಮಾತಾಡೂಣು.”

ಆಮೇಲೆ ಅವರು ತಾಯಿತಂದೆಯರಿಗೆಲ್ಲ ಚಪ್ಪಲಿ ಬಿಟ್ಟು ನೆಲದ ಮೇಲೆ ಸುತ್ತಲೂ ಕುಳಿತುಕೊಳ್ಳಲು ಹೇಳಿದರು. ಮಕ್ಕಳ ಹಾಗೆಯೇ ಅಂಗಾಲನ್ನು ಮಡಿಲಿಗೆ ಎಳೆದುಕೊಳ್ಳಬೇಕು. ಒಂದಿಬ್ಬರು ನಕ್ಕರು. ಒಬ್ಬರು ಮೀಟಿಂಗ್ ಇದೆಯೆಂದು ಫೋನು ಹಿಡಿದು ಹೊರಗೆ ನಡೆದರು. ಜೀನ್ಸ್ ಬಿಗಿಯಾಗಿದ್ದ ತಂದೆಯೊಬ್ಬರಿಗೆ ಕಾಲು ಮಡಿಲವರೆಗೆ ಬರಲೇ ಇಲ್ಲ. ಮಕ್ಕಳು ಹಾಲಿನ ಕೊನೆಯಲ್ಲಿ ಕಂಬಿಗೆ ಒರಗಿ, ಬಾಯಿಗೆ ಕೈ ಅಡ್ಡ ಹಿಡಿದು ಈ ಮೋಜನ್ನು ನೋಡುತ್ತಿದ್ದವು. ಇಂಥ ವಿಷಯಗಳನ್ನು ಮಕ್ಕಳ ಎದುರಿಗೆ ಮಾತಾಡುವುದು ಬೇಡ, ಅವರನ್ನು ಕೆಳಗೆ ಆಡಲು ಕಳುಹಿಸೋಣ ಎಂದು ರಮ್ಯಾ ಮೆಲ್ಲಗೆ ಹೇಳಿದಳು. ಅವಳ ದನಿಯಲ್ಲಿ ನಿಜವಾದ ಕಾಳಜಿಯಿತ್ತು.

“ಅನ್ನೂದು ಮಕ್ಕಳ ಮುಂದನ ಅಂದೀವಲ್ಲ ರಮ್ಯಾ” ಎಂದರು ಟೀಚರ್. “ಬಿಸಿಲಾಗ ಆಡಬ್ಯಾಡ, ಕರೀ ಆಗ್ತಿ ಅಂತ. ಆವಾಗ ಅವು ಕೆಳಗ ಆಡಾಕ ಹೋಗಿದ್ವೇನು?”

ಟೀಚರ್ ತಾವೇ ಮೊದಲು ಮುಳ್ಳು ತೆಗೆಯುವುದಾಗಿ ಹೇಳಿ, ಎಡಗಾಲನ್ನು ಎಳೆದುಕೊಂಡರು. ಅರ್ಧ ಹಿಂದಿಯಲ್ಲಿ, ಅರ್ಧ ಕನ್ನಡದಲ್ಲಿ ಮಾತಾಡಿದರು. ನನಗೆ ನೆನಪಿರುವುದು ಕನ್ನಡದ ಭಾಗ.

“ನಮ್ಮ ಮೇಡಮ್ಮಾರು ನನಗ ಅನ್ನ ಹಾಕ್ಯಾರ, ವಿದ್ಯಾ ಕೊಟ್ಟಾರ. ಅವರನ್ನ ಬಿಟ್ರ ಈ ಮುಂಬೈದಾಗ ನನಗ ಯಾರೂ ಇರಲಿಲ್ಲ. ಪ್ರತಿ ವರ್ಷ ಪ್ರೋಗ್ರಾಮ್ ಆಗ್ತಿತ್ತು, ಎಲ್ಲಾ ಮಕ್ಕಳಿಗೂ ನಾನ ಕಲಿಸಾಕಿ. ಆ ದಿನಾ ಮಾತ್ರ ಪಡದೇದ ಹಿಂದ. ಮಾರ್ತಾ, ನೀ ಸ್ಟೇಜಿಗೆ ಬಂದ್ರ ಜನಾ ಕುಣಿತ ನೋಡಂಗಿಲ್ಲ, ನಿನ್ನ ನೋಡ್ತಾರ ಅಂದ್ರು. ಒಳ್ಳೇ ಮನಸಿನಿಂದನ ಅಂದ್ರು, ನನಗ ಗೊತ್ತೈತಿ. ನಾನೂ ಹೌದ್ರಿ ಅಂದೆ. ಒಮ್ಮೇರ ಯಾಕ ಅಂತ ಕೇಳಬೇಕಿತ್ತು. ಕೇಳಿದ್ರ ಅವರೂ ವಿಚಾರ ಮಾಡ್ತಿದ್ರೋ ಏನೋ. ಈಗ ಅವರು ಇಲ್ಲ. ಯಾರನ್ನ ಕೇಳ್ಲಿ?”

ನಾನು ಹಿಂದೆ ಕೇಳಿ ಉತ್ತರ ಸಿಗದ ಪ್ರಶ್ನೆಗೆ ಹೀಗೆ ಉತ್ತರ ಸಿಕ್ಕಿತು. ಆಮೇಲೆ ಮಾತು ಶುರುಮಾಡಿದವಳು ನನ್ನ ಸೊಸೆ ಸ್ಮಿತಾ. ಅವಳು ಮೈಸೂರಿನವಳು, ಹೆಚ್ಚು ಮಾತಿನವಳಲ್ಲ. ತಲೆ ತಗ್ಗಿಸಿ, ತನ್ನ ಪಾದವನ್ನೇ ನೋಡುತ್ತಾ ಹೇಳಿದಳು.

“ಪೌಡರ್ ಹಾಕ್ಸೋಣ ಅಂತ ರಮ್ಯಾಗೆ ಹೇಳಿದ್ದೇ ನಾನು. ನಿಧಿ ಹುಟ್ಟಿದಾಗ ಆಸ್ಪತ್ರೆಗೆ ಬಂದವ್ರೆಲ್ಲಾ ಮೂಗು ಚೆನ್ನಾಗಿದೆ ಅಂದ್ರು. ಒಬ್ಬರ ಮೇಲೆ ಒಬ್ಬರು ಬಂದು ಬರೀ ಮೂಗು ಮೂಗು ಅಂತಾನೇ. ಯಾಕೆ ಅಂತ ನನಗೆ ಗೊತ್ತಾಗಲ್ವಾ? ಅವತ್ತಿಂದ ನಾನು ಹೆದರ್ಕೊಂಡೇ ಇದೀನಿ. ಸ್ಟೇಜ್ ಮೇಲೆ ಇವಳನ್ನ ನೋಡಿ ಯಾರಾದ್ರೂ ಏನಾದ್ರೂ ಅಂದ್ಬಿಟ್ರೆ, ಅದು ಇವಳ ಕಿವಿಗೆ ಬಿದ್ಬಿಟ್ರೆ ಅಂತ.”

ಆಸ್ಪತ್ರೆಯಲ್ಲಿ ಮೂಗನ್ನು ಹೊಗಳಿದವರಲ್ಲಿ ನನ್ನ ಹೆಂಡತಿಯೂ ಇದ್ದಳು, ನಮ್ಮ ಬಳಗದ ಎಲ್ಲರೂ ಇದ್ದರು. ಅದರಲ್ಲಿ ಒಬ್ಬರಿಗೂ ಕೆಟ್ಟ ಮನಸ್ಸಿರಲಿಲ್ಲ. ಕಂಬಿಯ ಕಡೆಯಿಂದ ನಿಧಿ ಎದ್ದು ಬಂದಳು. ಅವಳಿಗೆ ನಮ್ಮ ಕನ್ನಡ ಪೂರ್ತಿ ತಿಳಿಯುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ.

“ಮಮ್ಮಿ, ಮುಝೆ ಪೆಹಲೇಸೆ ಮಾಲೂಮ್ ಹೈ” ಎಂದಳು. ಮೊದಲಿನಿಂದಲೂ ಗೊತ್ತು. “ಸಬ್ ಬೋಲ್ತೇ ಹೈಂ. ಸಿರ್ಫ್ ಆಪ್ ನಹೀಂ ಬೋಲ್ತೇ ಥೇ.” ಎಲ್ಲರೂ ಹೇಳುತ್ತಾರೆ, ನೀನೊಬ್ಬಳೇ ಹೇಳುತ್ತಿರಲಿಲ್ಲ.

ಸ್ಮಿತಾ ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡಳು. ಟೀಚರ್ ಮಗುವನ್ನು ಒಂದೇ ಪ್ರಶ್ನೆ ಕೇಳಿದರು: ಫ್ಲೆಮಿಂಗೊ ಆಗುತ್ತೀಯೋ, ನೀರುಕಾಗೆಯೋ? ನಿಧಿ ಯೋಚಿಸಿ, ನೀರುಕಾಗೆಯೂ ತನಗೆ ಇಷ್ಟ, ಆದರೆ ಒಂಟಿಕಾಲಲ್ಲಿ ನಿಲ್ಲಲು ಇಷ್ಟು ದಿನ ಅಭ್ಯಾಸ ಮಾಡಿದ್ದು ತಾನು ಎಂದಳು. ಆ ಮಾತಿಗೆ ರಮ್ಯಾ ಮೊದಲ ಬಾರಿ ನಕ್ಕಳು. ಆ ಬಳಿಕ ಅಲ್ಲಿ ಬಹಳ ಮಾತು ನಡೆಯಿತು. ಎಲ್ಲವೂ ಸಿಹಿಯಾದ ಮಾತೇನಲ್ಲ. ಒಬ್ಬ ತಾಯಿ, ನಮ್ಮ ಮನೆಯಲ್ಲಿ ಇಂಥದ್ದೇನೂ ಇಲ್ಲ ಎಂದಾಗ, ಅವಳದೇ ಮಗಳು ದೂರದಿಂದ ಇದೆ ಎಂದು ಕೂಗಿದಳು. ಕೆಲವರು ಮುಖ ಗಂಟಿಕ್ಕಿಕೊಂಡು ಎದ್ದು ಹೋದರು. ಅವರಲ್ಲಿ ಹೆಚ್ಚಿನವರು ಮಕ್ಕಳನ್ನು ಪ್ರದರ್ಶನದಿಂದ ಬಿಡಿಸಿದರು. ದುಡ್ಡು ಸಾಲದೆ ಡೊಂಬಿವಲಿಯ ನಾಟಕಮಂದಿರ ಕೈಬಿಟ್ಟು, ಪ್ರದರ್ಶನವನ್ನು ಕ್ಲಬ್‌ಹೌಸಿನಲ್ಲೇ ಮಾಡಬೇಕಾಯಿತು.

ಉಳಿದವರು ಪೌಡರು ಬಿಟ್ಟು ಬಣ್ಣ ಕಟ್ಟಲು ಒಪ್ಪಿದರು. ಹೊಸ ಬೂಟುಗಳನ್ನು ತರಿಸಿ ಎರಡನೆಯ ಸಲ ಅದ್ದಿದ್ದು ನಮ್ಮ ಹೋಟೆಲಿನ ಹಿತ್ತಲಲ್ಲಿ, ಟೀಚರ್ ಎದುರಿಗೇ ನಿಂತು. ವಾಸು ಈಗ ಬೇರೆಯೇ ಮನುಷ್ಯನಾಗಿದ್ದ. ಒಂದೊಂದು ಮಗುವಿನ ಮೊಣಕೈಯನ್ನು ಪಾತ್ರೆಯ ಪಕ್ಕ ಹಿಡಿದು ನೋಡಿ, ತಾರಾಳಿಗೆ ಎಳೆಯ ಚಹಾ, ಇನ್ನೊಬ್ಬಳಿಗೆ ಕುದಿದ ಚಹಾ, ನಿಧಿಗೆ ಚಿಕೋರಿ ಹಾಕಿದ ಗಟ್ಟಿ ಕಾಫಿ ಎಂದು ಆರ್ಡರು ಕೂಗುವವನ ಹಾಗೆ ಕೂಗುತ್ತಿದ್ದ. ಕೊನೆಗೆ ಟೀಚರ್ ತಮ್ಮ ಹಳೆಯ ಬೂಟನ್ನೂ ಚೀಲದಿಂದ ತೆಗೆದರು. ವಾಸು ಅದನ್ನೂ ಅವರ ಕೈಯನ್ನೂ ನೋಡಿ, ಇದಕ್ಕೆ ನನ್ನಲ್ಲಿ ಡಿಕಾಕ್ಷನ್ ಸಾಲುವುದಿಲ್ಲ, ಮತ್ತೊಮ್ಮೆ ಇಳಿಸಬೇಕು, ಸ್ವಲ್ಪ ಕೂತುಕೊಳ್ಳಿ ಎಂದ. ಅವರು ಕುಳಿತರು.

ಪ್ರದರ್ಶನದ ಬಗ್ಗೆ ಈಗ ಹೇಳುವ ಕಥೆಯೇ ಬೇರೆ. ಜನರೆಲ್ಲ ಎದ್ದು ನಿಂತು ಚಪ್ಪಾಳೆ ಹೊಡೆದರಂತೆ, ಅನೇಕರು ಕಣ್ಣೀರು ಹಾಕಿದರಂತೆ. ನಾನು ಮುಂದಿನ ಸಾಲಿನಲ್ಲಿದ್ದೆ. ಯಾರೂ ಎದ್ದು ನಿಲ್ಲಲಿಲ್ಲ. ಸಂಗೀತ ನಡುವೆ ಒಮ್ಮೆ ನಿಂತುಹೋಯಿತು, ಸ್ಪೀಕರಿನ ವೈರು ಅಲುಗಾಡಿಸಿ ಮತ್ತೆ ಹಚ್ಚಿದರು. ಆ ಹೊತ್ತೆಲ್ಲ ನಿಧಿ ಒಂಟಿಕಾಲಲ್ಲೇ ನಿಂತಿದ್ದಳು. ಸೊಂಟದಿಂದ ಬೆರಳತುದಿಯವರೆಗೆ ಅವಳ ಕಾಲು ಒಂದೇ ಗೆರೆಯಾಗಿತ್ತು. ಮಕ್ಕಳ ಕಾರ್ಯಕ್ರಮಕ್ಕೆ ಎಷ್ಟು ಚಪ್ಪಾಳೆ ಬೀಳುತ್ತದೋ ಅಷ್ಟೇ ಬಿತ್ತು. ಆದರೆ ನನ್ನ ಹಿಂದೆ ಕುಳಿತ ಮುದುಕಿಯೊಬ್ಬರು, ಯಾರದೋ ಅಜ್ಜಿ, ಪಕ್ಕದವರನ್ನು ಮರಾಠಿಯಲ್ಲಿ ಕೇಳಿದ್ದು ನನ್ನ ಕಿವಿಗೆ ಬಿತ್ತು: ಬಣ್ಣದ ಗಲಾಟೆ ಆಗಿದ್ದು ಇವರಲ್ಲಿ ಯಾವ ಹುಡುಗಿಯ ಬಗ್ಗೆ? ಪಕ್ಕದವರಿಗೂ ತಕ್ಷಣ ತೋರಿಸಲಾಗಲಿಲ್ಲ.

ಕೊನೆಯಲ್ಲಿ ಮಕ್ಕಳು ಟೀಚರನ್ನು ಕೈಹಿಡಿದು ಎಳೆದು ತಂದರು. ಕಾಫಿಬಣ್ಣದ ಆ ಬೂಟುಗಳಲ್ಲಿ ಅವರು ವೇದಿಕೆಯ ನಡುವೆ ನಿಂತು, ಕೈಗಳನ್ನು ನಿಧಾನವಾಗಿ ಎತ್ತಿ, ಒಂದೇ ಒಂದು ಸಲ ಬಾಗಿದರು. ಕುಣಿಯಲಿಲ್ಲ. ಮೊಣಕಾಲು ಆಗಲೇ ಕೈಕೊಟ್ಟಿತ್ತು.

ಮುಂದಿನ ವರ್ಷ ಕ್ಲಬ್‌ಹೌಸಿನ ಹಾಲನ್ನು ಸೊಸೈಟಿ ಬೇರೆ ತರಗತಿಗೆ ಕೊಟ್ಟಿತು. ಟೀಚರ್ ಕಲ್ಯಾಣದ ಕೋಣೆ ಬಿಟ್ಟು ಕಾಮೋಠೆಯಲ್ಲಿ ಅಕ್ಕನ ಮಗನ ಫ್ಲ್ಯಾಟಿಗೆ ಹೋದರು. ಅವರನ್ನು ಬಣ್ಣದ ಜಗಳದಿಂದ ಓಡಿಸಲಾಯಿತು ಎಂದು ಒಂದು ಪಕ್ಷ, ಮಂಡಿನೋವಿನಿಂದ ತಾವೇ ಬಿಟ್ಟರು ಎಂದು ಇನ್ನೊಂದು ಪಕ್ಷ. ಎರಡರಲ್ಲಿ ಒಂದನ್ನೂ ನಾನು ನಂಬಲಿಲ್ಲ. ಮೂರು ವರ್ಷಗಳ ಬಳಿಕ ನಿಧಿಯನ್ನು ಕರೆದುಕೊಂಡು ಕಾಮೋಠೆಗೆ ಹೋದಾಗ ನೇರವಾಗಿ ಅವರನ್ನೇ ಕೇಳಿದೆ.

ಅವರು ಕಿಟಕಿಯ ಪಕ್ಕ ಕಾಲು ಚಾಚಿ ಕುಳಿತಿದ್ದರು. ಎದ್ದು ನಿಲ್ಲಲು ಇಬ್ಬರ ಆಸರೆ ಬೇಕಾಗುತ್ತಿತ್ತು. ಕುತ್ತಿಗೆ ಮಾತ್ರ ನೆಟ್ಟಗಿತ್ತು.

“ಅರ್ಧ ಮೊಣಕಾಲು, ಅರ್ಧ ಮಂದಿ” ಎಂದು ನಕ್ಕರು. “ಆದ್ರ ಜಗಳ ಅನ್ನಬ್ಯಾಡ್ರಿ ಶೆಟ್ಟರ. ಜಗಳ ಎಲ್ಲಿ ಆಗಿತ್ತು? ಮಾತಾಡಿದ್ವಿ. ನಮ್ಮ ಮಂದಿಗೆ ಈ ವಿಷಯದಾಗ ಮಾತಾಡಿ ರೂಢಿ ಇಲ್ಲ, ಅದಕ್ಕ ಮಾತು ಕೇಳಿದ್ರ ಜಗಳ ಅಂತ ತಿಳೀತಾರ.”

ನಿಧಿ ಅಷ್ಟರಲ್ಲಿ ಮುಂಬಯಿಯ ದೊಡ್ಡ ನೃತ್ಯಶಾಲೆಯೊಂದಕ್ಕೆ ಹೋಗುತ್ತಿದ್ದಳು. ಅವಳ ಕಾಲು ನೋಡಿಯೇ ಅಲ್ಲಿಯವರು ಸೇರಿಸಿಕೊಂಡಿದ್ದರು. ಟೀಚರಿಗೆ ಹೇಳಬೇಕೋ ಬೇಡವೋ ಎಂದು ದಾರಿಯುದ್ದಕ್ಕೂ ಒದ್ದಾಡಿದ್ದನ್ನು ಈಗ ತಡವರಿಸುತ್ತಾ ಹೇಳಿದಳು: ಅಲ್ಲಿ ಎಲ್ಲರಿಗೂ ಗುಲಾಬಿ ಕಾಲುಚೀಲ ಕಡ್ಡಾಯ, ತಾನೂ ಅದನ್ನೇ ಹಾಕುತ್ತಿದ್ದೇನೆ. ಹೇಳುವಾಗ ಕಣ್ಣು ತುಂಬಿಬಂತು.

ಟೀಚರ್ ಬೈಯಲಿಲ್ಲ, ಬೇಸರಪಟ್ಟಂತೆಯೂ ಕಾಣಲಿಲ್ಲ. ಅವಳನ್ನು ಹತ್ತಿರ ಕರೆದು, ಅವಳ ಪಾದವನ್ನು ತಮ್ಮ ಮಡಿಲಿಗೆ ಎಳೆದುಕೊಂಡು ಹೆಬ್ಬೆರಳಿನಿಂದ ಒತ್ತತೊಡಗಿದರು.

“ಯಾಕ ಅಂತ ಕೇಳಿದಿ?”

ಕೇಳಿದೆ ಎಂದಳು ನಿಧಿ. ಎಲ್ಲರ ಎದುರಿಗೆ, ಕೈಯೆತ್ತಿ.

“ಏನಂದ್ರು?”

“ರೂಲ್ ಹೈ, ಬೋಲೇ.” ಅದು ನಿಯಮ ಎಂದರಂತೆ.

ಟೀಚರ್ ಅಂಗಾಲಿನ ನಡುವೆ ಎಲ್ಲೋ ಗಂಟಾಗಿದ್ದ ಜಾಗವನ್ನು ಹುಡುಕಿ ಅಲ್ಲೇ ಒತ್ತಿ ಹಿಡಿದರು. ನಿಧಿ ನೋವಿಗೆ ಹುಬ್ಬು ಗಂಟಿಕ್ಕಿದಳು.

“ಚೀಲ ಹಾಕ್ಕೋ, ಕುಣಿಯೂದು ಬಿಡಬ್ಯಾಡ” ಎಂದರು. “ಮುಂದಿನ ವರ್ಷ ಮತ್ತ ಕೇಳು ಮಗಳ.”

ಅದೇ ನಮ್ಮ ಕೊನೆಯ ಭೇಟಿ. ಆ ಮಳೆಗಾಲದಲ್ಲಿ ಅವರನ್ನು ಹಳಿಯಾಳದ ಕಡೆ ಅಕ್ಕನ ಮನೆಗೆ ಕರೆದೊಯ್ದರು, ಅಲ್ಲಿಯೇ ತೀರಿಕೊಂಡರು. ಸುದ್ದಿ ನಮಗೆ ತಿಳಿದದ್ದು ತಡವಾಗಿ, ಅಕ್ಕನ ಮಗನ ಫೋನಿನಿಂದ. ನಿಧಿ ಆ ಸಂಜೆ ತರಗತಿಗೆ ಹೋಗಲೇ, ಬಿಡಲೇ ಎಂದು ನನ್ನನ್ನು ಕೇಳಿದಳು. ಅವರೇನು ಹೇಳುತ್ತಿದ್ದರೆಂದು ನಿನಗೆ ಗೊತ್ತಲ್ಲ ಎಂದೆ. ಹೋದಳು.

ಈ ವರ್ಷವೂ ಅವಳು ಕೇಳಿದ್ದಾಳೆ. ವಿಚಾರಿಸಿ ಹೇಳುತ್ತೇವೆ ಎಂದಿದ್ದಾರಂತೆ. ಇನ್ನೂ ಹೇಳಿಲ್ಲ. ಗುಲಾಬಿ ಕಾಲುಚೀಲಗಳು ನಮ್ಮ ಬಾಲ್ಕನಿಯ ಹಗ್ಗದ ಮೇಲೆ ಒಣಗುತ್ತಿವೆ.